ಹವ್ಯಾಸಿ ರೂಪದರ್ಶಿ: ನೈಟ್‌ಕ್ಲಬ್ಬಿನ ಫ್ಯಾಷನ್ ಪ್ರದರ್ಶನವನ್ನು ಕುರಿತು ಒಂದು ವಿಮರ್ಶೆ

೧

ನಾಟಕ, ಸಂಗೀತ, ಯಕ್ಷಗಾನ ಮೊದಲಾದ ಪ್ರದರ್ಶನಗಳನ್ನು ಕುರಿತು ವಿಮರ್ಶೆ ಬರೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚಲನಚಿತ್ರಕ್ಕೂ ಕ್ರಮೇಣ ಆ ಗೌರವ ದೊರೆಯಿತು. ಬೆಂಗಳೂರಿನ ನೈಟ್‌ಕ್ಲಬ್ಬುಗಳಲ್ಲಿ ನಡೆಯುವ ಹವ್ಯಾಸಿ ಫ್ಯಾಷನ್ ಪ್ರದರ್ಶನಗಳಿಗೆ ಮಾತ್ರ ಅದು ದೊರೆತಂತೆ ಕಾಣುವುದಿಲ್ಲ. ಅವನ್ನು ಮೆಚ್ಚುವವರು ಛಾಯಾಚಿತ್ರದ ಕೆಳಗೆ ಒಂದು ಸಾಲು ಬರೆದು ಮುಗಿಸುತ್ತಾರೆ; ಮೆಚ್ಚದವರು ಸಂಸ್ಕೃತಿಯ ಹೆಸರಿನಲ್ಲಿ ಒಂದು ಮಾತನಾಡಿ ಮುಗಿಸುತ್ತಾರೆ. ಈ ಪ್ರದರ್ಶನದ ಅಂಗಗಳಾವುವು, ಅದರಲ್ಲಿ ಪರಿಶ್ರಮ ಯಾರದು, ಫಲ ಯಾರದು ಎಂಬ ಪ್ರಶ್ನೆಗಳನ್ನು ಎರಡು ಪಕ್ಷದವರೂ ಎತ್ತುವುದಿಲ್ಲ. ಆ ಪ್ರಶ್ನೆಗಳನ್ನು ಎತ್ತಿ, ಕನ್ನಡ ರಂಗಭೂಮಿಯ ಇತಿಹಾಸದ ಬೆಳಕಿನಲ್ಲಿ ಈ ಪ್ರದರ್ಶನಗಳ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯದ ಎಲ್ಲೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವೃತ್ತಿನಿರತ ರೂಪದರ್ಶಿಯರು, ದೊಡ್ಡ ವ್ಯಾಪಾರಸಂಸ್ಥೆಗಳು ನಡೆಸುವ ಫ್ಯಾಷನ್ ಸಪ್ತಾಹಗಳು ಇಲ್ಲಿ ನಮ್ಮ ವಿಷಯವಲ್ಲ. ಕಾಲೇಜಿನಲ್ಲಿ ಓದುತ್ತಲೋ, ಅಂಗಡಿ ಕಚೇರಿಗಳಲ್ಲಿ ದುಡಿಯುತ್ತಲೋ ಇದ್ದು, ಒಂದು ರಾತ್ರಿಯ ಮಟ್ಟಿಗೆ ವೇದಿಕೆ ಏರಿ ಉಡುಪು ತೊಟ್ಟು ನಡೆದು ತೋರಿಸುವ ತರುಣಿಯರೇ ಇಲ್ಲಿ ಪ್ರಧಾನ. ತರುಣರೂ ಇದರಲ್ಲಿ ಪಾಲ್ಗೊಳ್ಳುವುದುಂಟು. ಆದರೆ ಅಪವಾದದ ಹೊರೆ ಅವರ ಮೇಲೆ ಬೀಳದಿರುವುದರಿಂದ ಅವರ ವಿಚಾರ ಬೇರೆಯೇ ಆಗುತ್ತದೆ.

ವಿಷಯವನ್ನು ಚಂದ್ರಾ ಲೇಔಟಿನ ಕಡೆಯಿಂದ ನೋಡುವುದಕ್ಕೂ ಕಾರಣವುಂಟು. ನೈಟ್‌ಕ್ಲಬ್ಬುಗಳು ಬಹುಮಟ್ಟಿಗೆ ಮಹಾತ್ಮ ಗಾಂಧಿ ರಸ್ತೆ, ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲ ಈ ಭಾಗಗಳಲ್ಲಿವೆ. ಪಶ್ಚಿಮ ಬೆಂಗಳೂರು ಇಂಥವಕ್ಕೆ ಪೂರ್ತಿ ಅಪರಿಚಿತವೆಂದಲ್ಲ. ೧೯೯೦ರ ದಶಕದಲ್ಲಿ ಮೈಸೂರು ರಸ್ತೆಯಲ್ಲಿದ್ದ ‘ದಿ ಕ್ಲಬ್’ ಎಂಬ ನೃತ್ಯಶಾಲೆ ಊರಿಗೆಲ್ಲ ಪರಿಚಿತವಾಗಿತ್ತು. ಆದರೂ ಇಂದು ವೇದಿಕೆ ಇರುವುದು ಊರಿನ ಮೂಡಣ ಭಾಗದಲ್ಲಿ. ಅದನ್ನು ಏರುವವರಲ್ಲಿ ಅನೇಕರ ಮನೆ ಇರುವುದು ಚಂದ್ರಾ ಲೇಔಟ್, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ. ಈ ಭಾಗದ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಇದು ಹೊಸ ಸಂಗತಿಯಲ್ಲ. ೨೦೧೬ರಲ್ಲಿ ಮೆಟ್ರೋ ರೈಲಿನ ನೇರಳೆ ಮಾರ್ಗವು ಮೈಸೂರು ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಅಖಂಡವಾಗಿ ತೆರೆದಮೇಲೆ ಅತ್ತಿಗುಪ್ಪೆಯಲ್ಲಿ ಹತ್ತಿದವಳು ಗಾಡಿ ಬದಲಿಸದೆ ಮಹಾತ್ಮ ಗಾಂಧಿ ರಸ್ತೆಯಲ್ಲಾಗಲಿ ಇಂದಿರಾನಗರದಲ್ಲಾಗಲಿ ಇಳಿಯಬಹುದು. ಪ್ರದರ್ಶನವನ್ನು ಕ್ಲಬ್ಬಿನ ಬಾಗಿಲಿನಿಂದ ನೋಡಿದರೆ ದೀಪಗಳು ಕಾಣುತ್ತವೆ. ಅತ್ತಿಗುಪ್ಪೆಯ ನಿಲ್ದಾಣದಿಂದ ನೋಡಿದರೆ ಹೋಗುವ ದಾರಿಯೂ ಹಿಂತಿರುಗುವ ದಾರಿಯೂ ಕಾಣುತ್ತವೆ.

೨

ಮೊದಲು ಪ್ರದರ್ಶನದ ಸ್ವರೂಪವನ್ನು ನೋಡೋಣ. ನೈಟ್‌ಕ್ಲಬ್ಬಿನಲ್ಲಿ ಇದಕ್ಕೆಂದೇ ಕಟ್ಟಿದ ರಂಗ ಇರುವುದು ಕಡಿಮೆ. ಕುಣಿತಕ್ಕೆಂದು ಇರುವ ನೆಲವನ್ನು ತೆರವುಮಾಡಿ, ಎರಡು ಪಕ್ಕಗಳಲ್ಲಿ ಜನ ನಿಂತರೆ ನಡುವೆ ಉಳಿದ ದಾರಿಯೇ ‘ರ‍್ಯಾಂಪ್’ ಆಗುತ್ತದೆ. ಡಿಜೆ ಹಾಕಿದ ಸಂಗೀತದ ಲಯಕ್ಕೆ ಒಬ್ಬೊಬ್ಬರಾಗಿ ಬಂದು, ತುದಿಯಲ್ಲಿ ಕ್ಷಣಕಾಲ ನಿಂತು, ತಿರುಗಿ ಹೋಗುತ್ತಾರೆ. ಸ್ಪರ್ಧೆಯಾಗಿದ್ದ ಪಕ್ಷದಲ್ಲಿ ಸೀರೆಯ ಸುತ್ತು, ಪಾಶ್ಚಾತ್ಯ ಉಡುಪಿನ ಸುತ್ತು, ಕೊನೆಗೆ ಪ್ರಶ್ನೆಯ ಸುತ್ತು ಎಂದು ವಿಭಾಗಗಳಿರುತ್ತವೆ. ತೀರ್ಪುಗಾರರು ಇರುತ್ತಾರೆ, ಗೆದ್ದವಳಿಗೆ ಕಿರೀಟವೂ ಹೆಗಲಪಟ್ಟಿಯೂ ದೊರೆಯುತ್ತವೆ. ಒಬ್ಬೊಬ್ಬರ ನಡಿಗೆ ಒಂದು ನಿಮಿಷವನ್ನು ಮುಟ್ಟುವುದು ಅಪರೂಪ. ಆ ಒಂದು ನಿಮಿಷದ ಹಿಂದೆ ಹಲವು ಸಂಜೆಗಳ ಅಭ್ಯಾಸವಿರುತ್ತದೆ.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದೆ. ಉಡುಪು ತೊಡುಪುಗಳು ಆಹಾರ್ಯಕ್ಕೆ ಸೇರಿದವು. ನಾಟಕದಲ್ಲಿ ಆಹಾರ್ಯವು ಪಾತ್ರವನ್ನು ಸೇವಿಸುತ್ತದೆ. ರಾಜನ ಕಿರೀಟ ಇರುವುದು ರಾಜನಿಗಾಗಿ. ಫ್ಯಾಷನ್ ಪ್ರದರ್ಶನದಲ್ಲಿ ಈ ಸಂಬಂಧ ತಲೆಕೆಳಗಾಗಿ, ಮನುಷ್ಯದೇಹವೇ ಆಹಾರ್ಯವನ್ನು ಸೇವಿಸುತ್ತದೆ. ಇಷ್ಟರಿಂದಲೇ ಅದನ್ನು ಹೀನಕಲೆ ಎನ್ನಬೇಕಾಗಿಲ್ಲ. ಚಿನ್ನದ ಒಡವೆಯನ್ನು ತೋರಿಸಲು ಕೊರಳು ಬೇಕು. ಸೀರೆಯ ಸೆರಗನ್ನು ತೋರಿಸಲು ಹೆಗಲು ಬೇಕು. ಆದರೆ ಸೇವೆಯ ಸ್ವರೂಪ ಹೀಗಿರುವಾಗ, ಸೇವಿಸುವವಳ ಗುಣವನ್ನು ಅಳೆಯಲು ಆಂಗಿಕವೊಂದೇ, ಅದರಲ್ಲಿಯೂ ನಡಿಗೆಯೊಂದೇ ಉಳಿಯುತ್ತದೆ ಎಂಬುದನ್ನು ವಿಮರ್ಶಕನು ಗಮನಿಸಬೇಕು.

ನಡಿಗೆಯ ವಿಷಯದಲ್ಲಿ ನಾಟ್ಯಶಾಸ್ತ್ರ ಬಹಳ ಉದಾರವಾಗಿದೆ. ಗತಿಪ್ರಚಾರವನ್ನು ಕುರಿತು ಒಂದು ಅಧ್ಯಾಯವನ್ನೇ ಅದು ಮೀಸಲಿಟ್ಟು, ಪಾತ್ರಪಾತ್ರಕ್ಕೂ ಭಾವಭಾವಕ್ಕೂ ಬೇರೆಬೇರೆ ಗತಿಗಳನ್ನು ಹೇಳುತ್ತದೆ. ರ‍್ಯಾಂಪಿನ ಮೇಲೆ ಇರುವುದು ಬಹುಶಃ ಒಂದೇ ಗತಿ. ಪಾಶ್ಚಾತ್ಯ ವೇದಿಕೆಗಳಲ್ಲಿ ರೂಪುಗೊಂಡ ಆ ಗತಿಯನ್ನು ನಮ್ಮ ಹುಡುಗಿಯರು ಮೊಬೈಲಿನಲ್ಲಿ ನೋಡಿ, ಮನೆಯ ಮಾಳಿಗೆಯ ಮೇಲೆ ಅಭ್ಯಾಸಮಾಡಿ ಕಲಿಯುತ್ತಾರೆ. ಆದಕಾರಣ ಪಾಶ್ಚಾತ್ಯ ಉಡುಪಿನ ಸುತ್ತಿನಲ್ಲಿ ಅನುಕರಣೆಯ ಆಯಾಸ ಎದ್ದು ಕಾಣುತ್ತದೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ಕಾಲಿಗೆ ಒಗ್ಗಿರುವುದಿಲ್ಲ. ಉಡುಪು ಇನ್ನೊಬ್ಬರ ಅಳತೆಗೆ ಹೊಲಿದದ್ದಾಗಿ, ಬೆನ್ನ ಹಿಂದೆ ಪಿನ್ನುಗಳಿಂದ ಬಿಗಿದದ್ದಾಗಿರುತ್ತದೆ. ಕಣ್ಣು ಪ್ರೇಕ್ಷಕರ ಮೇಲೆ ನೆಟ್ಟಂತೆ ತೋರಿದರೂ ಮನಸ್ಸು ಪಿನ್ನುಗಳ ಮೇಲಿರುತ್ತದೆ.

ಅದೇ ಹುಡುಗಿ ಸೀರೆಯ ಸುತ್ತಿನಲ್ಲಿ ಬಂದಾಗ ವ್ಯತ್ಯಾಸ ತಿಳಿಯುತ್ತದೆ. ನಿರಿಗೆಯ ಭಾರ ಎಷ್ಟು, ಸೆರಗು ಎಲ್ಲಿ ಜಾರುತ್ತದೆ, ಯಾವ ಹೆಜ್ಜೆಗೆ ಅಂಚು ನೆಲವನ್ನು ಮುಟ್ಟುತ್ತದೆ ಎಂಬುದನ್ನು ಹಬ್ಬಮದುವೆಗಳಲ್ಲಿ ಸೀರೆ ಉಟ್ಟು ಓಡಾಡಿದ ಆಕೆಯ ದೇಹ ಬಲ್ಲದು. ಅಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಕತ್ತು ತಾನಾಗಿಯೇ ನೇರವಾಗುತ್ತದೆ, ತಿರುಗುವಾಗ ಕೈ ಸೆರಗನ್ನು ಹುಡುಕದೆ ಹಿಡಿಯುತ್ತದೆ. ಹವ್ಯಾಸಿ ಪ್ರದರ್ಶನಕ್ಕೆ ತನ್ನದೇ ಆದ ಒಂದು ಚೆಲುವು ಸಾಧ್ಯವೆಂಬುದಕ್ಕೆ ಈ ಸುತ್ತೇ ಪ್ರಮಾಣ. ತೀರ್ಪುಗಾರರು ಇದನ್ನು ಗುರುತಿಸುವುದು ಕಡಿಮೆ. ಮುಂದಿನ ಪ್ರಶ್ನೆಯ ಸುತ್ತಿನಲ್ಲಿ ಅದುವರೆಗೆ ಇಲ್ಲದಿದ್ದ ವಾಚಿಕವು ಒಮ್ಮೆಗೇ ಪ್ರವೇಶಿಸುತ್ತದೆ; ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಹುಡುಗಿ ನಡಿಗೆಯಲ್ಲಿ ಗಳಿಸಿದ್ದನ್ನು ನುಡಿಯಲ್ಲಿ ಕಳೆದುಕೊಳ್ಳುತ್ತಾಳೆ. ಉಡುಪನ್ನು ತೋರಿಸುವ ಕಲೆಗೆ ಈ ಪರೀಕ್ಷೆಯ ಸಂಬಂಧವೇನೆಂಬುದನ್ನು ಏರ್ಪಡಿಸಿದವರು ವಿಚಾರಮಾಡಬೇಕು.

ಈ ಪ್ರದರ್ಶನಗಳ ಒಂದು ಗುಣವನ್ನು ಇಲ್ಲಿಯೇ ಒಪ್ಪಿಕೊಳ್ಳತಕ್ಕದ್ದು. ನಮ್ಮ ಬಡಾವಣೆಗಳಲ್ಲಿ ಹೆಣ್ಣುಮಗಳ ನಡಿಗೆ ಸದಾ ಯಾರದಾದರೂ ಕಾವಲಿನಲ್ಲಿರುತ್ತದೆ. ತಲೆ ಎತ್ತಿ ನಡೆದರೆ ಒಂದು ಮಾತು, ತಗ್ಗಿಸಿ ನಡೆದರೆ ಇನ್ನೊಂದು ಮಾತು. ಬೀದಿಯಲ್ಲಿ ಅವಳನ್ನು ನೋಡುವವರು ಅವಳ ಅನುಮತಿ ಕೇಳಿ ನೋಡುವುದಿಲ್ಲ. ವೇದಿಕೆಯ ಆ ಒಂದು ನಿಮಿಷದಲ್ಲಾದರೋ ನೋಟಕ್ಕೆ ಅವಳೇ ಸಮಯ ಕೊಡುತ್ತಾಳೆ. ನಿಲ್ಲುವುದು, ತಿರುಗುವುದು, ಹೊರಡುವುದು ಅವಳ ಕೈಯಲ್ಲಿರುತ್ತದೆ. ಈ ಸಂತೋಷ ಸುಳ್ಳಲ್ಲ. ಇದನ್ನು ಅರಿಯದೆ ಬರೆದ ಖಂಡನೆ ವಿಮರ್ಶೆಯೆನಿಸಿಕೊಳ್ಳಲಾರದು.

೩

ಇನ್ನು ‘ಹವ್ಯಾಸಿ’ ಎಂಬ ಪದದ ವಿಚಾರ. ನನ್ನ ಅಭಿಪ್ರಾಯದಲ್ಲಿ ಈ ಪ್ರದರ್ಶನಗಳ ಮುಖ್ಯ ದೋಷ ಉಡುಪಿನಲ್ಲಿಲ್ಲ, ಈ ಪದದ ಬಳಕೆಯಲ್ಲಿದೆ.

ಕನ್ನಡದಲ್ಲಿ ಈ ಪದಕ್ಕೆ ಗೌರವದ ಇತಿಹಾಸವುಂಟು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯಂಥವು ವೃತ್ತಿ ರಂಗಭೂಮಿಯನ್ನು ಬೆಳೆಸಿದಮೇಲೆ, ೧೯೦೯ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. ಹಣಕ್ಕಾಗಿ ಆಡದೆ ಕಲೆಗಾಗಿ ಆಡುವ ಈ ಪಂಥವನ್ನು ಮೊದಲು ವಿಲಾಸಿ ರಂಗಭೂಮಿಯೆಂದೂ ಅನಂತರ ಹವ್ಯಾಸಿ ರಂಗಭೂಮಿಯೆಂದೂ ಕರೆದರು. ಕೈಲಾಸಂ ಅವರ ನಾಟಕಗಳು ಬೆಳಕಿಗೆ ಬಂದದ್ದು ಈ ವಾತಾವರಣದಲ್ಲಿ. ಅಲ್ಲಿಯ ನಟರು ಬಹುಮಟ್ಟಿಗೆ ವಕೀಲರು, ಅಧ್ಯಾಪಕರು, ಸರ್ಕಾರಿ ನೌಕರರು. ಜೀವನೋಪಾಯ ಬೇರೆ ಇದ್ದುದರಿಂದ ಅವರು ಸಂಭಾವನೆಯನ್ನು ಬೇಡವೆನ್ನಬಲ್ಲವರಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ಯಾವ ನಾಟಕ ಆಡಬೇಕು, ಯಾವ ಪಾತ್ರ ಯಾರಿಗೆ, ಉಳಿದ ಹಣ ಯಾವ ಕಾರ್ಯಕ್ಕೆ ಎಂಬುದನ್ನು ಅವರೇ ತಮ್ಮತಮ್ಮಲ್ಲಿ ನಿರ್ಧರಿಸುತ್ತಿದ್ದರು. ಹಣ ಪಡೆಯದಿರುವುದು ಹವ್ಯಾಸಿಯ ಹೊರಗಿನ ಲಕ್ಷಣ. ತನ್ನ ಕಲೆಯ ಒಡೆತನ ತನ್ನಲ್ಲಿರುವುದು ಒಳಗಿನ ಲಕ್ಷಣ.

ನೈಟ್‌ಕ್ಲಬ್ಬಿನ ಹವ್ಯಾಸಿಗೆ ಮೊದಲನೆಯ ಲಕ್ಷಣ ಪೂರ್ತಿಯಾಗಿ ಅನ್ವಯಿಸುತ್ತದೆ. ಎರಡನೆಯದು ಸ್ವಲ್ಪವೂ ಅನ್ವಯಿಸುವುದಿಲ್ಲ. ಉಡುಪನ್ನು ಆರಿಸುವವರು ವಿನ್ಯಾಸಕಾರರು, ಕ್ರಮವನ್ನು ಗೊತ್ತುಮಾಡುವವರು ನಿರ್ದೇಶಕರು, ವೇದಿಕೆಯ ಒಡೆಯರು ಕ್ಲಬ್ಬಿನವರು, ಛಾಯಾಚಿತ್ರ ಏರ್ಪಡಿಸಿದವರ ಸ್ವತ್ತು. ಎಷ್ಟೋ ವೇಳೆ ಭಾಗವಹಿಸುವವಳೇ ನೋಂದಣಿ ಶುಲ್ಕವನ್ನು ಕೊಟ್ಟಿರುತ್ತಾಳೆ. ಪಾದರಕ್ಷೆ, ಪ್ರಸಾಧನ, ‘ಪೋರ್ಟ್‌ಫೋಲಿಯೋ’ ಎಂಬ ಚಿತ್ರಸಂಪುಟಗಳ ವೆಚ್ಚವನ್ನು ತಾನೇ ವಹಿಸಿರುತ್ತಾಳೆ. ವೃತ್ತಿ ನಾಟಕದ ನಟಿಗೆ ಅಂದಿನ ಸಮಾಜದಲ್ಲಿ ಅಪವಾದವಿತ್ತು, ಆದರೆ ಸಂಬಳವೂ ಇತ್ತು. ಹವ್ಯಾಸಿ ನಟನಿಗೆ ಸಂಬಳವಿರಲಿಲ್ಲ, ಆದರೆ ಗೌರವವಿತ್ತು. ಈ ಹೊಸ ಹವ್ಯಾಸಿಗೆ ದೊರೆತಿರುವುದು ಮೊದಲನೆಯವಳ ಅಪವಾದ ಮತ್ತು ಎರಡನೆಯವನ ಬರಿಗೈ.

ಹೆಂಗಸರು ವೇದಿಕೆಯ ಒಡೆತನವನ್ನು ತಾವೇ ಪಡೆದ ಉದಾಹರಣೆ ನಮ್ಮಲ್ಲಿ ಇಲ್ಲದೆ ಇಲ್ಲ. ೧೯೫೮ರಲ್ಲಿ ಆರ್. ನಾಗರತ್ನಮ್ಮನವರು ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಪುರುಷಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ಕಂಸ, ಭೀಮರಂಥ ಪಾತ್ರಗಳಲ್ಲಿ ಸ್ವತಃ ಅವರೇ ಹೆಸರಾದರು. ವೇಷ ಯಾವುದಿರಬೇಕೆಂಬ ತೀರ್ಮಾನ ವೇಷ ಧರಿಸುವವರ ಕೈಗೆ ಬಂದಾಗ ಏನಾಗಬಲ್ಲದೆಂಬುದಕ್ಕೆ ಅದು ನಿದರ್ಶನ.

‘ರೂಪದರ್ಶಿ’ ಎಂಬ ಪದವನ್ನೂ ಸ್ವಲ್ಪ ನೋಡಬೇಕು. ಕಲಾವಿದನ ಎದುರು ಮಾದರಿಯಾಗಿ ನಿಂತವನ ಬಾಳನ್ನು ವಸ್ತುವಾಗಿಸಿಕೊಂಡು ಆ ಹೆಸರಿನ ಕಾದಂಬರಿಯನ್ನು ಬರೆದವರು ಕೆ. ವಿ. ಅಯ್ಯರ್. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಪ್ರಸಿದ್ಧ ಅಂಗಸಾಧಕರು. ತಮ್ಮ ಸುಪುಷ್ಟ ದೇಹದ ಛಾಯಾಚಿತ್ರಗಳನ್ನು ಅವರು ನಿಸ್ಸಂಕೋಚವಾಗಿ ಪ್ರಕಟಿಸಿದರು. ಊರು ಅದನ್ನು ವ್ಯಾಯಾಮವೆಂದು ಗೌರವಿಸಿತು. ದೇಹವನ್ನು ತೋರಿಸುವುದೇ ದೋಷವಾಗಿದ್ದರೆ ಆ ಗೌರವ ಅವರಿಗೂ ಸಲ್ಲಬಾರದಾಗಿತ್ತು. ಗಂಡಿನ ದೇಹವಾದರೆ ಸಾಧನೆ, ಹೆಣ್ಣಿನ ದೇಹವಾದರೆ ಪ್ರದರ್ಶನ ಎಂಬ ಭೇದ ಬಹಳ ಹಿಂದಿನಿಂದ ನಮ್ಮ ತೀರ್ಪುಗಳೊಳಗೆ ಕುಳಿತಿದೆ.

ಫ್ಯಾಷನ್ ಪ್ರದರ್ಶನವನ್ನು ಸಮರ್ಥಿಸುವವರು ಬೇಲೂರಿನ ಮದನಿಕೆಯರನ್ನು ಸಾಕ್ಷಿಗೆ ಕರೆಯುವುದುಂಟು. ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಆ ಶಿಲ್ಪಗಳಲ್ಲಿ ಉಡುಪು, ಒಡವೆ, ಭಂಗಿಗಳ ವೈಭವ ಇರುವುದು ನಿಜ. ಆದರೆ ಇತಿಹಾಸದ ವಿದ್ಯಾರ್ಥಿ ಪೀಠದ ಬರಹವನ್ನೂ ಓದುತ್ತಾನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಅಲ್ಲಿ ತಮ್ಮ ಹೆಸರನ್ನು ಕೆತ್ತಿದ್ದಾರೆ. ಮಾದರಿಯಾಗಿ ನಿಂತವರು ಯಾರಾದರೂ ಇದ್ದರೆ ಅವರ ಹೆಸರು ಅಲ್ಲಿಲ್ಲ. ಜನತೆ ಆ ಕೊರತೆಯನ್ನು ಸಹಿಸದೆ, ದರ್ಪಣಸುಂದರಿಗೆ ಶಾಂತಲೆಯೇ ಮಾದರಿಯೆಂಬ ಐತಿಹ್ಯವನ್ನು ಹುಟ್ಟಿಸಿಕೊಂಡಿತು. ಇಂದಿನ ಪ್ರಕಟಣೆಗಳ ಸ್ಥಿತಿಯೂ ಹೆಚ್ಚು ಬೇರೆಯಾಗಿಲ್ಲ. ಕ್ಲಬ್ಬಿನ ಹೆಸರು, ಡಿಜೆಯ ಹೆಸರು, ವಿನ್ಯಾಸಕಾರರ ಹೆಸರು, ಪ್ರಾಯೋಜಕರ ಹೆಸರು ಅಲ್ಲಿರುತ್ತವೆ; ನಡೆಯುವವರ ಹೆಸರು ಕಾಣುವುದು ಅಪರೂಪ.

೪

ಇಂತಹ ಪ್ರದರ್ಶನಗಳನ್ನು ಕುರಿತು ನಮ್ಮ ನಾಡು ಕೊಟ್ಟ ತೀರ್ಪುಗಳಲ್ಲಿ ಅತ್ಯಂತ ಗಟ್ಟಿಯಾಗಿ ಕೇಳಿಸಿದ್ದು ೧೯೯೬ರದು. ಆ ವರ್ಷದ ನವೆಂಬರ್ ೨೩ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಅಮಿತಾಭ್ ಬಚ್ಚನ್ ಅವರ ಸಂಸ್ಥೆ ಅದನ್ನು ಏರ್ಪಡಿಸಿತ್ತು. ಗ್ರೀಸ್ ದೇಶದ ಐರೀನ್ ಸ್ಕ್ಲೀವಾ ವಿಜೇತೆಯಾದರು. ಪ್ರತಿಭಟನೆಯ ಕಾವಿನಿಂದಾಗಿ ಈಜುಡುಪಿನ ಸುತ್ತನ್ನು ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ವಿರೋಧಿಸಿದವರು ಒಂದೇ ಮತದವರಾಗಿರಲಿಲ್ಲ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘಕ್ಕೆ ಅದು ಬಹುರಾಷ್ಟ್ರೀಯ ಬಂಡವಾಳದ ಪ್ರವೇಶವಾಗಿ ಕಂಡಿತು. ಸಂಸ್ಕೃತಿರಕ್ಷಣೆಯ ಪಕ್ಷದವರಿಗೆ ಶೀಲದ ಪ್ರಶ್ನೆಯಾಗಿ ಕಂಡಿತು. ಎಡಪಂಥದ ಮಹಿಳಾ ಸಂಘಟನೆಗಳಿಗೆ ಹೆಣ್ಣನ್ನು ಸರಕಾಗಿಸುವ ಕ್ರಮವಾಗಿ ಕಂಡಿತು. ಸಮರ್ಥಿಸಿದವರಿಗೆ ರಾಜ್ಯದ ಕೀರ್ತಿಯೂ ವ್ಯಾಪಾರದ ವೃದ್ಧಿಯೂ ಕಂಡವು. ಇಷ್ಟೆಲ್ಲ ದೃಷ್ಟಿಗಳ ನಡುವೆ ವೇದಿಕೆಯ ಮೇಲಿದ್ದವಳು ಒಂದು ಸಂಕೇತವಾಗಿ ಮಾತ್ರ ಉಳಿದಳು. ಅವಳು ದುಡಿಯುತ್ತಿದ್ದಾಳೆ, ದುಡಿಮೆಗೆ ಕರಾರು ಇರುತ್ತದೆ, ಕರಾರಿಗೆ ನ್ಯಾಯಾನ್ಯಾಯಗಳಿರುತ್ತವೆ ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಕಾನೂನಿನ ದೃಷ್ಟಿಯೂ ಬಹುಕಾಲ ಸ್ಥಳದ ಮೇಲೆಯೇ ನೆಟ್ಟಿತ್ತು. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯ ಅಧಿಕಾರದಿಂದ ೨೦೦೫ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿಯ ಆಜ್ಞೆ ಹೊರಟಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಥೆಕ್‌ಗಳನ್ನು ಅದು ನಿಯಂತ್ರಣಕ್ಕೆ ಒಳಪಡಿಸಿತು. ೨೦೧೮ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಂತಹ ಆಜ್ಞೆಗಳಲ್ಲಿ ಕಟ್ಟಡ, ಪರವಾನಗಿದಾರ, ಸುವ್ಯವಸ್ಥೆಗಳ ವಿಚಾರ ಸವಿಸ್ತಾರವಾಗಿ ಬರುತ್ತದೆ. ಪ್ರದರ್ಶನ ಕೊಡುವವಳು ಕಾಯಬೇಕಾದ ಅಪಾಯವಾಗಿ ಬರುತ್ತಾಳೆಯೇ ಹೊರತು ಹಕ್ಕುಳ್ಳ ದುಡಿಮೆಗಾರಳಾಗಿ ಬರುವುದು ಕಡಿಮೆ. ಇದಕ್ಕೆ ಭಿನ್ನವಾದ ದನಿಯೂ ಕೇಳಿಬಂದಿದೆ. ಮಹಾರಾಷ್ಟ್ರದ ಆರ್ಕೆಸ್ಟ್ರಾ ಬಾರುಗಳ ವೇದಿಕೆಯಲ್ಲಿ ಇಂತಿಷ್ಟೇ ಹೆಂಗಸರು, ಇಂತಿಷ್ಟೇ ಗಂಡಸರು ಇರಬೇಕೆಂಬ ನಿಬಂಧನೆಯನ್ನು ೨೦೨೨ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿತು. ಅಲ್ಲಿ ವಿಚಾರಣೆಯ ಕೇಂದ್ರಕ್ಕೆ ಬಂದದ್ದು ಹಾಡಿ ಬದುಕುವವಳ ವೃತ್ತಿಸ್ವಾತಂತ್ರ್ಯ.

೫

ಪಶ್ಚಿಮ ಬೆಂಗಳೂರಿಗೆ ಉಡುಪಿನೊಡನೆ ಇರುವ ಸಂಬಂಧ ಹಳೆಯದು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾ ಮಿಲ್ಲುಗಳ ಹೆಸರು ಇಲ್ಲಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಬಟ್ಟೆಯ ಗಿರಣಿಗಳು ಮುಚ್ಚಿದ ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು ಬೆಳೆದವು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಅವುಗಳ ಸಾಲುಗಳಿವೆ. ಅಲ್ಲಿ ಹೊಲಿಗೆಯಂತ್ರದ ಮುಂದೆ ಕೂತವರು ಬಹುಪಾಲು ಹೆಂಗಸರು. ೨೦೧೬ರ ಏಪ್ರಿಲ್ ೧೮ ಮತ್ತು ೧೯ರಂದು ಭವಿಷ್ಯನಿಧಿಯ ಹಣವನ್ನು ಹಿಂತೆಗೆಯುವುದಕ್ಕೆ ವಿಧಿಸಿದ ಹೊಸ ನಿಬಂಧನೆಯನ್ನು ವಿರೋಧಿಸಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಬಂದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಬಂಧನೆಯನ್ನು ಹಿಂತೆಗೆದುಕೊಂಡಿತು.

ಒಂದು ಉಡುಪಿಗೆ ಇಬ್ಬರು ಹೆಂಗಸರ ಸಂಬಂಧವಿದೆ: ಹೊಲಿದವಳು ಒಬ್ಬಳು, ತೊಟ್ಟು ತೋರಿಸಿದವಳು ಇನ್ನೊಬ್ಬಳು. ಹೊಲಿದವಳ ಕೂಲಿ ಅಲ್ಪ, ಕಷ್ಟ ಬಹಳ. ಆದರೂ ‘ಕಾರ್ಮಿಕಳು’ ಎಂಬ ಹೆಸರು ಅವಳಿಗಿದೆ; ಆ ಹೆಸರಿನ ಹಿಂದೆ ಕನಿಷ್ಠ ವೇತನದ ದರ, ಭವಿಷ್ಯನಿಧಿ, ಸಂಘಗಳು ಇವೆ. ಬೀದಿಗೆ ಬಂದಾಗ ತಾನು ಯಾರೆಂದು ಅವಳು ಹೇಳಬಲ್ಲಳು. ತೋರಿಸಿದವಳಿಗೆ ಆ ಹೆಸರಿಲ್ಲ. ಪಾಶ್ಚಾತ್ಯ ದೇಶದಲ್ಲಿ ಈ ಕಸುಬು ಹುಟ್ಟಿದ್ದು ದುಡಿಮೆಯಾಗಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಪ್ಯಾರಿಸ್ಸಿನ ಉಡುಪುಗಾರ ಚಾರ್ಲ್ಸ್ ಫ್ರೆಡರಿಕ್ ವರ್ತನ ಉಡುಪುಗಳನ್ನು ಧರಿಸಿ ಗಿರಾಕಿಗಳಿಗೆ ತೋರಿಸಿದ ಮಾರಿ ವೆರ್ನೆ, ಅವನನ್ನು ಮದುವೆಯಾಗುವ ಮೊದಲು ಬಟ್ಟೆಯಂಗಡಿಯೊಂದರ ನೌಕರಳಾಗಿದ್ದಳು. ಹವ್ಯಾಸಿ ರೂಪದರ್ಶಿ ಬಂದದ್ದು ಬಹಳ ಅನಂತರ. ನಾಟಕದಲ್ಲಿ ಹವ್ಯಾಸಿ ಬಂದದ್ದು ವೃತ್ತಿಯ ದೋಷಗಳನ್ನು ತಿದ್ದಲು. ಇಲ್ಲಿ ಬಂದದ್ದು ವೃತ್ತಿಯ ಖರ್ಚನ್ನು ಉಳಿಸಲು.

ಖರ್ಚು ಉಳಿಯುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ನೈಟ್‌ಕ್ಲಬ್ಬಿಗೆ ಶನಿವಾರದ ರಾತ್ರಿ ಜನ ತಾವಾಗಿ ಬರುತ್ತಾರೆ. ವಾರದ ನಡುವಿನ ರಾತ್ರಿಗಳಿಗೆ ಏನಾದರೂ ಆಕರ್ಷಣೆ ಬೇಕು. ‘ಲೇಡೀಸ್ ನೈಟ್’ ಎಂದು ಹೆಂಗಸರಿಗೆ ಉಚಿತ ಪ್ರವೇಶ ಕೊಟ್ಟು ಗಂಡಸರ ಪ್ರವೇಶಧನವನ್ನು ಹೆಚ್ಚಿಸಿಕೊಳ್ಳುವ ಉಪಾಯ ಎಲ್ಲರಿಗೂ ತಿಳಿದದ್ದೆ. ಹವ್ಯಾಸಿ ಪ್ರದರ್ಶನ ಅದರ ಮುಂದಿನ ಹೆಜ್ಜೆ. ಪಾಲ್ಗೊಳ್ಳುವ ಪ್ರತಿಯೊಬ್ಬಳೂ ತನ್ನ ಗೆಳತಿಯರನ್ನು, ಸಹೋದ್ಯೋಗ ಸಹಪಾಠಿಗಳನ್ನು ಕರೆತರುತ್ತಾಳೆ. ಅವರು ಕೊಂಡ ಪಾನೀಯ ತಿಂಡಿಗಳ ಹಣ ಕ್ಲಬ್ಬಿಗೆ ಸೇರುತ್ತದೆ. ವೇದಿಕೆಯನ್ನೂ ಪ್ರೇಕ್ಷಕರ ಸಾಲನ್ನೂ ತುಂಬಿಸಿದವಳು ಅವಳೇ. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿಗೆ ಕಾಲಂ ಇಲ್ಲ.

ಇದಕ್ಕಿಂತ ಗುರುತರವಾದದ್ದು ಮನೆಗೆ ಹಿಂತಿರುಗುವ ಪ್ರಶ್ನೆ. ಬೆಂಗಳೂರಿನ ಕ್ಲಬ್ಬುಗಳು ರಾತ್ರಿ ಒಂದು ಗಂಟೆಯವರೆಗೆ ನಡೆಯುತ್ತವೆ. ಮೆಟ್ರೋ ಸಂಚಾರ ಬಹುಮಟ್ಟಿಗೆ ಹನ್ನೊಂದರ ಸುಮಾರಿಗೆ ಮುಗಿಯುತ್ತಬರುತ್ತದೆ. ಫಲಿತಾಂಶ ಹೇಳುವುದು ಕೊನೆಗೆ. ಕಿರೀಟದ ಆಸೆಯುಳ್ಳವಳು ಕೊನೆಯ ರೈಲನ್ನು ಬಿಡಲೇಬೇಕು. ನನ್ನ ವಿದ್ಯಾರ್ಥಿನಿಯರಲ್ಲಿ ಇಂತಹ ಪ್ರದರ್ಶನಗಳಿಗೆ ಹೋಗಿಬಂದ ಕೆಲವರು ಹೇಳಿದ ಮಾತುಗಳಲ್ಲಿ ಉಡುಪಿನ ವಿಷಯಕ್ಕಿಂತ ಆಟೋದ ವಿಷಯವೇ ಹೆಚ್ಚಾಗಿತ್ತು: ನಡುರಾತ್ರಿ ಚಂದ್ರಾ ಲೇಔಟಿಗೆ ಬರಲು ಒಪ್ಪದ ಚಾಲಕರು, ಇಮ್ಮಡಿ ಬಾಡಿಗೆ, ಬೀದಿಯ ತಿರುವಿನಲ್ಲಿಯೇ ಇಳಿದು ಪ್ರಸಾಧನವನ್ನು ಕರವಸ್ತ್ರದಿಂದ ಒರೆಸಿಕೊಂಡು ಮನೆಗೆ ನಡೆಯುವುದು. ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ೨೫ನೆಯ ವಿಧಿ ಹೆಂಗಸರ ರಾತ್ರಿಯ ದುಡಿಮೆಯನ್ನು ನಿಷೇಧಿಸಿತ್ತು. ಮುಂದೆ ಅದನ್ನು ಸಡಿಲಿಸಿದಾಗ ವಾಹನವನ್ನೂ ರಕ್ಷಣೆಯನ್ನೂ ಒದಗಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಲಾಯಿತು. ಅದೇ ಕ್ಲಬ್ಬಿನ ಲೆಕ್ಕಪತ್ರ ಬರೆಯುವ ನೌಕರಳು ಈ ರಕ್ಷಣೆಯನ್ನು ಕೇಳಬಲ್ಲಳು. ವೇದಿಕೆಯ ಮೇಲೆ ನಡೆದವಳು ‘ಹವ್ಯಾಸಿ’. ಅವಳು ಯಾರನ್ನು ಕೇಳಬೇಕು?

ಕಾನೂನು ಈ ದಿಕ್ಕಿನಲ್ಲಿ ಪೂರ್ತಿ ಕುರುಡಾಗಿದೆ ಎನ್ನುವಂತಿಲ್ಲ. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆ, ಸಂಭಾವನೆ ಇರಲಿ ಇಲ್ಲದಿರಲಿ, ಸ್ವಇಚ್ಛೆಯಿಂದ ದುಡಿಯುವವರನ್ನೂ ತನ್ನ ರಕ್ಷಣೆಗೆ ಒಳಪಡಿಸಿದೆ. ೧೯೫೭ರ ಗ್ರಂಥಸ್ವಾಮ್ಯ ಕಾಯಿದೆಯು ‘ಪ್ರದರ್ಶಕ’ನನ್ನು ನಿರೂಪಿಸುವಾಗ ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಹೆಸರಿಸಿ, ಪ್ರದರ್ಶನ ನೀಡುವ ಇತರ ಯಾವ ವ್ಯಕ್ತಿಯನ್ನೂ ಸೇರಿಸಿಕೊಂಡಿದೆ. ಹಾವಾಡಿಗನಿಗೆ ಕೊಟ್ಟ ಹೆಸರನ್ನು ರೂಪದರ್ಶಿಗೆ ನೇರವಾಗಿ ಕೊಟ್ಟಿಲ್ಲವಾದರೂ ಆ ಕೊನೆಯ ಮಾತಿನ ನೆರಳಿನಲ್ಲಿ ಅವಳು ನಿಂತು ಕೇಳಬಹುದೆಂದು ವಾದಿಸಲು ಎಡೆಯುಂಟು.

೬

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ.

ಅವರು ತಾವಾಗಿಯೇ ಬರುತ್ತಾರೆ, ಯಾರೂ ಬಲವಂತಮಾಡುವುದಿಲ್ಲ ಎಂಬುದು ಮೊದಲನೆಯದು. ನಿಜ. ಇಚ್ಛೆಯಿಂದ ಬಂದವಳಿಗೆ ನ್ಯಾಯ ಬೇಡವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಧ್ಯಾಪಕನೂ ಪಾಠವನ್ನು ಪ್ರೀತಿಸಿಯೇ ಹೇಳುತ್ತಾನೆ; ತಿಂಗಳ ಕೊನೆಯಲ್ಲಿ ಆ ಪ್ರೀತಿಯನ್ನು ತೋರಿಸಿ ಸಂಬಳ ನಿಲ್ಲಿಸಿದರೆ ಅವನು ಒಪ್ಪುವನೆ?

ಇದು ಮುಂದಿನ ಏಳಿಗೆಗೆ ಮೆಟ್ಟಿಲು ಎಂಬುದು ಎರಡನೆಯದು. ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತ ೨೦೦೦ದಲ್ಲಿ ಭುವನಸುಂದರಿಯಾದರು. ದೀಪಿಕಾ ಪಡುಕೋಣೆ ಇದೇ ಊರಿನ ರ‍್ಯಾಂಪಿನಿಂದ ಹೊರಟು ೨೦೦೬ರಲ್ಲಿ ಕನ್ನಡದ ‘ಐಶ್ವರ್ಯ’ ಚಿತ್ರದ ಮೂಲಕ ತೆರೆಗೆ ಬಂದರು. ಇಂತಹ ಉದಾಹರಣೆಗಳು ಹುಡುಗಿಯರ ಬಾಯಲ್ಲಿ ಸದಾ ಇರುತ್ತವೆ. ಇವು ಪ್ರತಿಭೆಯ ಉದಾಹರಣೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ತಂದೆಯ ಮನೆಯಿಂದ ಹೊರಡುವುದಕ್ಕೂ, ಮಗಳು ಎಲ್ಲಿಗೆ ಹೋಗಿದ್ದಾಳೆಂದು ತಿಳಿಯದ ಮನೆಯಿಂದ ಹೊರಡುವುದಕ್ಕೂ ಅಂತರವಿದೆ. ಮೆಟ್ಟಿಲು ಎಂದು ಕರೆಯಬೇಕಾದರೆ ಅದರ ಮೇಲೆ ಇನ್ನೊಂದು ಮೆಟ್ಟಿಲು ಕಾಣಬೇಕು. ಕೆಲವರು ಏರಿದರೆಂಬುದು ಉಳಿದವರ ಪರಿಶ್ರಮಕ್ಕೆ ಬೆಲೆಯಿಲ್ಲವೆನ್ನುವುದಕ್ಕೆ ಕಾರಣವಾಗದು.

ಇಂತಹ ಕ್ಷುದ್ರ ವಿಷಯ ಇತಿಹಾಸ ವಿಭಾಗದ ಸಂಚಿಕೆಗೆ ತಕ್ಕದ್ದೆ ಎಂಬುದು ಮೂರನೆಯದು. ಕಂಪನಿ ನಾಟಕಗಳ ನಟಿಯರ ವಿಷಯದಲ್ಲಿ ನಮ್ಮ ಹಿಂದಿನವರು ಹೀಗೆಯೇ ಯೋಚಿಸಿದರು. ಅದರ ಫಲವಾಗಿ ಎಷ್ಟೋ ನಟಿಯರ ಹೆಸರು, ಊರು, ಸಂಬಳಗಳು ಇಂದು ಸಂಶೋಧಕನ ಕೈಗೆ ಸಿಕ್ಕುವುದಿಲ್ಲ. ಹರಿದ ಕರಪತ್ರಗಳಲ್ಲಿ ಹುಡುಕಬೇಕಾಗಿದೆ. ನೈಟ್‌ಕ್ಲಬ್ಬಿನ ಪ್ರಕಟಣೆಗಳು ಕಾಗದದ ಮೇಲೂ ಇರುವುದಿಲ್ಲ. ಮೊಬೈಲಿನಲ್ಲಿ ಒಂದು ದಿನ ತೋರಿ ಮರೆಯಾಗುತ್ತವೆ. ಇವನ್ನು ಈಗಲೇ ಸಂಗ್ರಹಿಸದಿದ್ದರೆ ಮುಂದಿನವರಿಗೆ ಹರಿದ ಕರಪತ್ರವೂ ಉಳಿಯದು.

೭

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಹವ್ಯಾಸಿ ಫ್ಯಾಷನ್ ಪ್ರದರ್ಶನ ನಿಷೇಧಕ್ಕೆ ಅರ್ಹವಾದ ವಸ್ತುವಲ್ಲ. ಸೀರೆಯ ಸುತ್ತಿನಲ್ಲಿ ಕಂಡಂತೆ ಅದಕ್ಕೆ ಸ್ವಂತ ಸತ್ತ್ವ ಸಾಧ್ಯ. ಆದರೆ ಈಗ ಅದು ಹವ್ಯಾಸಿ ರಂಗಭೂಮಿಯ ಗೌರವದ ಹೆಸರನ್ನು ಎರವಲು ತಂದು, ಸಂಬಳವಿಲ್ಲದ ದುಡಿಮೆಗೆ ಹೊದಿಸಿದೆ. ಈ ಹೆಸರಿಗೆ ಅದು ತಕ್ಕದ್ದಾಗಬೇಕಾದರೆ, ವೇದಿಕೆಯ ಮೇಲಿನವರಿಗೆ ಆಯ್ಕೆಯಲ್ಲಿಯೂ ಆದಾಯದಲ್ಲಿಯೂ ಪಾಲಿರಬೇಕು. ಅದು ಸಾಧ್ಯವಿಲ್ಲದಿದ್ದರೆ ಹವ್ಯಾಸಿ ಎಂಬ ಮಾತನ್ನು ಬಿಟ್ಟು ಕೂಲಿಯನ್ನು ಕೊಡಬೇಕು. ಎರಡರಲ್ಲಿ ಯಾವುದಾದರೂ ಬರೆದ ಕರಾರು, ಪ್ರಕಟಣೆಯಲ್ಲಿ ನಡೆಯುವವರ ಹೆಸರು, ಛಾಯಾಚಿತ್ರಕ್ಕೆ ಅವರ ಒಪ್ಪಿಗೆ, ರಾತ್ರಿ ಮನೆಯ ಬಾಗಿಲವರೆಗೆ ವಾಹನ ಇಷ್ಟಂತೂ ಇರಲೇಬೇಕು. ಇವು ದೊಡ್ಡ ಖರ್ಚಿನ ಬೇಡಿಕೆಗಳಲ್ಲ.

ಕಾಲೇಜುಗಳ ಪಾಲಿನ ಕರ್ತವ್ಯವೂ ಇದೆ. ಅಂತರಕಾಲೇಜು ಉತ್ಸವಗಳಲ್ಲಿ ಫ್ಯಾಷನ್ ಸ್ಪರ್ಧೆಯನ್ನು ಏರ್ಪಡಿಸಿ ಬಹುಮಾನ ಕೊಡುವವರು ನಾವೇ. ಮೊದಲ ನಡಿಗೆಯನ್ನು ಹುಡುಗಿಯರು ಕಲಿಯುವುದು ನಮ್ಮ ಸಭಾಂಗಣಗಳಲ್ಲಿ. ಆಮೇಲೆ ಅವರು ಕ್ಲಬ್ಬಿಗೆ ಹೋದರೆಂದು ಮುಖ ತಿರುಗಿಸುವುದು ಉಚಿತವಲ್ಲ. ಕರಾರನ್ನು ಓದುವುದು ಹೇಗೆ, ಯಾವ ಶುಲ್ಕ ನ್ಯಾಯ ಯಾವುದು ಅನ್ಯಾಯ, ಯಾವ ಕಾಯಿದೆಯಲ್ಲಿ ಏನಿದೆ ಎಂಬುದನ್ನು ತಿಳಿಸುವ ಒಂದು ಗಂಟೆಯ ಪಾಠಕ್ಕೆ ನಮ್ಮಲ್ಲಿ ಅವಕಾಶ ಮಾಡಿಕೊಳ್ಳಬಹುದು. ಇತಿಹಾಸ ವಿಭಾಗಗಳು ಈ ಪ್ರದರ್ಶನಗಳ ಪ್ರಕಟಣೆಗಳನ್ನೂ ಛಾಯಾಚಿತ್ರಗಳನ್ನೂ, ಒಪ್ಪಿದವರ ಬಾಯಿಮಾತಿನ ವೃತ್ತಾಂತಗಳನ್ನೂ ಸಂಗ್ರಹಿಸತೊಡಗಬೇಕು. ಬೇಲೂರಿನ ಪೀಠಗಳ ಮೇಲೆ ಶಿಲ್ಪಿಯ ಹೆಸರನ್ನು ಓದಿ ಸಂತೋಷಪಡುವ ನಾವು, ನಮ್ಮ ತರಗತಿಯ ಎರಡನೆಯ ಸಾಲಿನಲ್ಲಿ ಕುಳಿತವಳ ಹೆಸರನ್ನು ಬರೆದಿಡುವುದಕ್ಕೆ ಒಂಬೈನೂರು ವರ್ಷ ಕಾಯಬೇಕಾಗಿಲ್ಲ.